ಗೋಡೆ ಬಿಟ್ಟು ನೆಲಕ್ಕಿಳಿಯುವುದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ವಿದೇಶಕ್ಕೆ ಬಂದು ಎಂಟು ತಿಂಗಳಾಯಿತು. ಕಚೇರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಚೇರಿ ಎಂಬಂತಿತ್ತು. ಒಂದು ಬುಧವಾರ ರಾತ್ರಿ ನಡೆದು ಬರುವಾಗ ಕಟ್ಟಡವೊಂದರ ನೆಲಮಾಳಿಗೆಯಿಂದ ಸಂಗೀತ ಕೇಳಿಸಿತು. ಇಣುಕಿದರೆ ಐವತ್ತು ಅರವತ್ತು ಜನ ಜೋಡಿ ಜೋಡಿಯಾಗಿ ಸಾಲ್ಸಾ ಕುಣಿಯುತ್ತಿದ್ದಾರೆ, ಇಪ್ಪತ್ತರವರಿಂದ ಹಿಡಿದು ಅರವತ್ತು ದಾಟಿದವರವರೆಗೆ. ಹಿರಿಯ ಮಹಿಳೆಯೊಬ್ಬರು ನನ್ನ ಕೈಹಿಡಿದು ಎಳೆದುಕೊಂಡೇ ಹೋದರು. ಹಾಡು ಮುಗಿಯುವುದರೊಳಗೆ ಅವರ ಕಾಲನ್ನು ನಾಲ್ಕು ಸಲ ತುಳಿದಿದ್ದೆ. ಆಮೇಲೆ ಮತ್ತೆ ಮೂರು ಬುಧವಾರ ಹೋದೆ. ಮೂರೂ ಸಲ ಗೋಡೆಗೆ ಒರಗಿ ನಿಂತು ವಾಪಸು ಬಂದೆ. ನನಗೀಗ ಮೂವತ್ತಾರು, ಎಂದೂ ಕುಣಿದವನಲ್ಲ. ಇನ್ನು ಕಲಿಯಬಹುದೇ? ಒಬ್ಬರು ‘ಆನ್ ಒನ್’ ಕಲಿ ಎನ್ನುತ್ತಾರೆ, ಇನ್ನೊಬ್ಬರು ‘ಆನ್ ಟು’, ಮತ್ತೊಬ್ಬರು ಕ್ಯೂಬಾ ಶೈಲಿಯೇ ಅಸಲಿ ಎನ್ನುತ್ತಾರೆ. ಯಾರ ಮಾತು ಕೇಳಲಿ? ಗುರುತಿಲ್ಲದವರನ್ನು ಕುಣಿಯಲು ಕರೆಯುವುದು ಹೇಗೆ? ಒಲ್ಲೆ ಎಂದರೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ನೀವು ತುಳಿದ ಕಾಲಲ್ಲ, ‘ಮತ್ತೆ ಮೂರು ಬುಧವಾರ ಹೋದೆ’ ಎಂಬ ಮಾತು. ಕುಣಿಯಲು ಬಾರದು, ಪರಿಚಯದವರಿಲ್ಲ. ಆದರೂ ಅದೇ ಮೆಟ್ಟಿಲನ್ನು ಮತ್ತೆ ಮತ್ತೆ ಇಳಿದಿದ್ದೀರಿ. ನಾನು ಸಾಲ್ಸಾ ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಅದರಲ್ಲಿ ಅರ್ಧದಷ್ಟು ಕಾಲವನ್ನು ನಿಮ್ಮಂತೆಯೇ ಪರದೇಶಗಳಲ್ಲಿ ಕಳೆದಿದ್ದೇನೆ. ಮೊದಲ ದಿನವೇ ಚುರುಕಾಗಿ ಹೆಜ್ಜೆ ಹಿಡಿದ ಎಷ್ಟೋ ಜನ ಮೂರನೆಯ ತಿಂಗಳಿಗೆ ನಾಪತ್ತೆಯಾದದ್ದನ್ನು ಕಂಡಿದ್ದೇನೆ. ಉಳಿಯುವವರು ಬೇರೆಯೇ. ಅವರು ಕುಣಿಯಲು ಬಾರದಿದ್ದರೂ ಬರುತ್ತಾರೆ.

ಮೂವತ್ತಾರು ತಡವಾಯಿತೇ? ಇಲ್ಲ. ಸಾಲ್ಸಾದ ಮೂಲ ಹೆಜ್ಜೆ ಎಂದರೆ ನಡಿಗೆ. ನಡೆಯಲು ಬರುವವರಿಗೆ ಅದೂ ಬರುತ್ತದೆ. ಈ ಪ್ರಶ್ನೆಗೆ ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ.

ಕಾಲು ತುಳಿದದ್ದರ ಕಾರಣ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಸರಿಹೋದರೆ ಅರ್ಧ ಭಯ ಹೋಗುತ್ತದೆ. ಸಾಮಾನ್ಯ ವೇಗದ ಸಾಲ್ಸಾ ಹಾಡೊಂದು ನಿಮಿಷಕ್ಕೆ 180 ಬೀಟ್‌ಗಳ ಆಸುಪಾಸಿನಲ್ಲಿ ಓಡುತ್ತದೆ. ಅಂದರೆ ಒಂದು ಹೆಜ್ಜೆಗೆ ಸಿಗುವುದು ಸೆಕೆಂಡಿನ ಮೂರನೆಯ ಒಂದು ಭಾಗ. ಅಷ್ಟರಲ್ಲಿ ಮೊಳದುದ್ದದ ಹೆಜ್ಜೆ ಹಾಕಿದರೆ ಕಾಲು ವಾಪಸು ಬರುವ ಹೊತ್ತಿಗೆ ಹಾಡು ಮುಂದೆ ಹೋಗಿರುತ್ತದೆ. ಅದನ್ನು ಹಿಡಿಯುವ ಆತುರದಲ್ಲಿ ಎದುರಿನವರ ಪಾದ ಅಡ್ಡ ಸಿಕ್ಕುತ್ತದೆ. ನಿಮ್ಮ ಪಾದದ ಉದ್ದಕ್ಕಿಂತ ದೊಡ್ಡ ಹೆಜ್ಜೆ ಇಡಬೇಡಿ. ಈ ಬುಧವಾರ ಗೋಡೆಗೆ ಒರಗಿದ್ದಾಗ ಅಲ್ಲಿನ ನುರಿತವರ ಮುಖ, ಕೈ ಬಿಟ್ಟು ಪಾದ ಮಾತ್ರ ನೋಡಿ. ಮೇಲೆ ಕೈಗಳು ರಾಟೆಯಂತೆ ಸುತ್ತುತ್ತಿರುತ್ತವೆ. ಕೆಳಗೆ ಕಾಲುಗಳು ಒಂದು ದಿನಪತ್ರಿಕೆ ಹಾಸಿದಷ್ಟು ಜಾಗ ಬಿಟ್ಟು ಆಚೆ ಹೋಗಿರುವುದಿಲ್ಲ.

ಎಣಿಕೆ ಎಂಟರದು. ಒಂದು, ಎರಡು, ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ಇಲ್ಲ. ಐದು, ಆರು, ಏಳಕ್ಕೆ ಹೆಜ್ಜೆ, ಎಂಟಕ್ಕೆ ಇಲ್ಲ. ಹೊಸಬರು ಎಡವುವುದು ಹೆಜ್ಜೆ ಇಡುವಲ್ಲಿ ಅಲ್ಲ, ಇಡದೇ ಇರಬೇಕಾದಲ್ಲಿ. ನಾಲ್ಕು ಬಂದಾಗ ಸುಮ್ಮನಿರಲಾಗದೆ ಇನ್ನೊಂದು ಕಾಲು ಹಾಕಿಬಿಡುತ್ತಾರೆ, ಅಲ್ಲಿಂದ ಮುಂದಿನದೆಲ್ಲ ತಲೆಕೆಳಗು.

ಅದಕ್ಕೇ ನಾನು ಹೊಸಬರಿಗೆ ಕೊಡುವ ಮೊದಲ ಪಾಠ ಕಾಲಿಗಲ್ಲ, ಕಿವಿಗೆ. ಎರಡು ವಾರ, ದಿನಕ್ಕೆ ಹತ್ತು ನಿಮಿಷ, ಕುರ್ಚಿಯಲ್ಲಿ ಕೂತೇ ಮಾಡುವಂಥದ್ದು. ಸಾಲ್ಸಾ ಕೇಳುವಾಗ ಹೆಚ್ಚಿನವರ ಕಿವಿ ಹಾಡುಗಾರನ ಮೇಲೆ, ಟ್ರಂಪೆಟ್‌ಗಳ ಮೇಲೆ ಇರುತ್ತದೆ. ಅವೆರಡೂ ನಿಮ್ಮ ಕಾಲಿಗೆ ಒದಗುವುದಿಲ್ಲ. ತಗ್ಗು ಸ್ವರದ ತಂತಿವಾದ್ಯವಾದ ಬಾಸ್ ಅನ್ನು ನಂಬಿದರಂತೂ ಕೆಟ್ಟಿರಿ. ಬೇರೆ ಎಷ್ಟೋ ಬಗೆಯ ಸಂಗೀತದಲ್ಲಿ ಬಾಸ್ ‘ಒಂದ’ನ್ನು ಗಟ್ಟಿಯಾಗಿ ಊರಿ ತೋರಿಸುತ್ತದೆ. ಸಾಲ್ಸಾದ ಬಾಸ್ ಬೇಕೆಂದೇ ಅದನ್ನು ತಪ್ಪಿಸುತ್ತದೆ; ಹಿಂದಿನ ನಾಲ್ಕರಲ್ಲೇ ಸ್ವರ ಹಿಡಿದು, ಅದನ್ನು ಎಳೆದುಕೊಂಡು ಒಂದರ ತಲೆಯ ಮೇಲಿಂದ ದಾಟಿಬಿಡುತ್ತದೆ. ‘ಒಂದು ಎಲ್ಲಿದೆ ಎಂದೇ ತಿಳಿಯುವುದಿಲ್ಲ’ ಎಂದು ಗೋಳಾಡುವವರು ಕಿವುಡರೇನಲ್ಲ, ತಪ್ಪು ವಾದ್ಯವನ್ನು ಕೇಳುತ್ತಿದ್ದಾರೆ ಅಷ್ಟೆ.

ನೀವು ಹುಡುಕಬೇಕಾದದ್ದು ಕಾಂಗಾವನ್ನು. ಪೀಪಾಯಿಯಂತೆ ಎತ್ತರವಿರುವ, ಬರಿಗೈಯಲ್ಲಿ ಬಾರಿಸುವ ಚರ್ಮವಾದ್ಯ ಅದು. ಅದರ ಮೂಲ ನಡೆಯಲ್ಲಿ ಎರಡಕ್ಕೆ ‘ಟಪ್’ ಎಂಬ ಒಣ ಏಟು, ನಾಲ್ಕಕ್ಕೆ ‘ದುಂದುಂ’ ಎಂಬ ತೆರೆದ ಜೋಡಿ ಏಟು. ಆರು ಮತ್ತು ಎಂಟರಲ್ಲೂ ಅದೇ. ಅಂದರೆ ನೀವು ಹೆಜ್ಜೆ ಇಡದೆ ನಿಲ್ಲುವ ಜಾಗದಲ್ಲೇ ಕಾಂಗಾ ಮಾತನಾಡುತ್ತದೆ. ದುಂದುಂ ಮುಗಿದ ಕೂಡಲೇ ಬರುವುದು ಒಂದು, ಇಲ್ಲವೇ ಐದು. ಇನ್ನೊಂದು ಆಸರೆ ಗಂಟೆಯದು. ಹಾಡು ಅರ್ಧ ದಾಟಿದ ಮೇಲೆ ಮೊಂಟೂನೊ ಎಂಬ ಭಾಗ ಬರುತ್ತದೆ. ಹಾಡುಗಾರ ಒಂದು ಸಾಲು ಎಸೆಯುತ್ತಾನೆ, ಮೇಳದವರು ಒಟ್ಟಿಗೆ ಉತ್ತರ ಕೊಡುತ್ತಾರೆ. ಆಗ ಬಾಂಗೊ ಎಂಬ ಪುಟ್ಟ ಜೋಡಿ ಚರ್ಮವಾದ್ಯ ನುಡಿಸುತ್ತಿದ್ದವನು ಅದನ್ನು ಬದಿಗಿಟ್ಟು ದಪ್ಪನೆಯ ಲೋಹದ ಗಂಟೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಅದರ ಗಟ್ಟಿ ಪೆಟ್ಟುಗಳು ಒಂದು, ಮೂರು, ಐದು, ಏಳರ ಮೇಲೆ ಬೀಳುತ್ತವೆ. ದಾರಿ ತಪ್ಪಿ ಮುಖ ಬಿಗಿದುಕೊಂಡಿದ್ದವರು ಗಂಟೆ ಕೇಳಿದೊಡನೆ ಹೆಗಲು ಸಡಿಲಿಸುವುದನ್ನು ನಾನು ಪ್ರತಿ ವಾರ ನೋಡುತ್ತೇನೆ.

ಇವೆಲ್ಲದರ ಅಡಿಯಲ್ಲಿ ಕ್ಲಾವೆ ಎಂಬುದಿದೆ. ಎಂಟು ಎಣಿಕೆಯಲ್ಲಿ ಐದು ಪೆಟ್ಟು, ಒಂದು ಅರ್ಧದಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಎರಡು ಮರದ ಕೋಲುಗಳನ್ನು ತಟ್ಟಿ ನುಡಿಸುವುದು. ಬಹಳಷ್ಟು ಹಾಡುಗಳಲ್ಲಿ ಅದನ್ನು ಯಾರೂ ನುಡಿಸುವುದೇ ಇಲ್ಲ, ಆದರೆ ನುಡಿಸುವವರೆಲ್ಲರೂ ಅದಕ್ಕೆ ಬದ್ಧರಾಗಿರುತ್ತಾರೆ. ಸದ್ಯ ಅದರ ತಂಟೆಗೆ ಹೋಗಬೇಡಿ. ಕ್ಲಾವೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಗೆಳೆಯನೊಬ್ಬ ನನಗಿದ್ದಾನೆ. ಅವನ ಜೊತೆ ಕುಣಿದವರಿಗೆ ಅದರ ಯಾವ ಲಾಭವೂ ಆದಂತೆ ಕಾಣುವುದಿಲ್ಲ.

ಇನ್ನು ಶೈಲಿಯ ಜಗಳ. ಸಾಲ್ಸಾ ಎಂದರೆ ಸ್ಪ್ಯಾನಿಷ್‌ನಲ್ಲಿ ನಂಚಿಕೊಳ್ಳುವ ರಸ. ಕುಣಿತಕ್ಕಿಂತ ಮೊದಲು ಅದು ಮಾರುಕಟ್ಟೆಯ ಹೆಸರು. ಕ್ಯೂಬಾದ ಸೋನ್ ಸಂಗೀತ, 1950ರ ದಶಕದಲ್ಲಿ ನ್ಯೂಯಾರ್ಕಿನ ಪಲೇಡಿಯಂ ಸಭಾಂಗಣವನ್ನು ಹುಚ್ಚೆಬ್ಬಿಸಿದ ಮಾಂಬೊ ಎಂಬ ಕುಣಿತದ ಸಂಗೀತ, ಅದೇ ನಗರದ ಪೋರ್ಟೊರಿಕೊ ಮೂಲದ ವಾದ್ಯಗಾರರ ಕೈಚಳಕ, ಜೊತೆಗೆ ಒಂದಿಷ್ಟು ಜಾಝ್ ಎಲ್ಲ ಕಲೆತು ಆದ ಸಂಗೀತಕ್ಕೆ 1970ರ ದಶಕದಲ್ಲಿ ಈ ಚೀಟಿ ಅಂಟಿತು. ಅಂಟಿಸಿದವರಲ್ಲಿ ಮುಂದಿದ್ದದ್ದು ಫಾನಿಯಾ ಎಂಬ ಧ್ವನಿಮುದ್ರಣ ಸಂಸ್ಥೆ. ಸಂಗೀತಗಾರ ಜಾನಿ ಪಚೇಕೊ ಮತ್ತು ವಕೀಲ ಜೆರ್ರಿ ಮಸೂಚಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಕಟ್ಟಿದ್ದರು. ಟಿಂಬಾಲೆಸ್ ಎಂಬ ಜೋಡಿ ಡ್ರಮ್ ನುಡಿಸುತ್ತಿದ್ದ ಟಿಟೊ ಪುಯೆಂತೆಗೆ ಆ ಹೆಸರು ಹಿಡಿಸಿರಲಿಲ್ಲ. ತಾನು ನುಡಿಸುವುದು ಮಾಂಬೊ, ಸಾಲ್ಸಾ ತಿನ್ನುವ ಪದಾರ್ಥ ಎನ್ನುತ್ತಿದ್ದರು. ಹೀಗೆ ಹೆಸರೇ ಕಲಬೆರಕೆಯಾಗಿರುವಾಗ ‘ಅಸಲಿ ಸಾಲ್ಸಾ’ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ.

ಕುಣಿತವೂ ಹಾಗೆಯೇ ಊರೂರಿಗೆ ಬೇರೆ ಆಯಿತು. ಕ್ಯೂಬಾದವರು ತಮ್ಮದನ್ನು ಕಸೀನೊ ಎನ್ನುತ್ತಾರೆ. ಹವಾನಾದ ಕ್ಲಬ್ಬುಗಳಲ್ಲಿ ರೂಪುಗೊಂಡದ್ದು. ಅದರಲ್ಲಿ ಜೋಡಿ ಒಬ್ಬರನ್ನೊಬ್ಬರು ಸುತ್ತುತ್ತಾ ಇರುತ್ತದೆ. ಹಲವು ಜೋಡಿಗಳು ವೃತ್ತವಾಗಿ ನಿಂತು, ಒಬ್ಬರು ಕೂಗಿದ ಹೆಸರಿನ ವರಸೆಯನ್ನು ಎಲ್ಲರೂ ಮಾಡಿ ಜೊತೆ ಬದಲಿಸುವುದಕ್ಕೆ ರುವೇದಾ ಎನ್ನುತ್ತಾರೆ. ನ್ಯೂಯಾರ್ಕಿನವರು ಉದ್ದನೆಯ ಗೆರೆಯೊಂದರ ಮೇಲೆ ಹಿಂದೆ ಮುಂದೆ ಹೋಗಿ ಬರುತ್ತಾರೆ, ದಿಕ್ಕು ಬದಲಿಸುವುದು ಎರಡು ಮತ್ತು ಆರರಲ್ಲಿ. ಇದೇ ಆನ್ ಟು. ಎಡ್ಡಿ ಟೋರೆಸ್ ಎಂಬ ನರ್ತಕ ಇದನ್ನು ಎಣಿಕೆಗೆ ಕೂರಿಸಿ ಪಾಠವಾಗಿಸಿದರು. ಲಾಸ್ ಏಂಜಲೀಸ್‌ನವರದೂ ಗೆರೆಯೇ, ಆದರೆ ತಿರುವು ಒಂದು ಮತ್ತು ಐದರಲ್ಲಿ, ಮೇಲೆ ಒಂದಿಷ್ಟು ಆಡಂಬರ. ಅದು ಆನ್ ಒನ್. ಕೊಲಂಬಿಯಾದ ಕಾಲಿ ನಗರದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿಯವರು ನಿಮಿಷಕ್ಕೆ 33 ಸುತ್ತಿನ ಗ್ರಾಮಫೋನ್ ತಟ್ಟೆಗಳನ್ನು 45ರ ವೇಗದಲ್ಲಿ ತಿರುಗಿಸಿ, ಆ ಅವಸರದ ಹಾಡಿಗೆ ತಕ್ಕಂತೆ ಕಾಲು ಕುಣಿಸಿ, ಮಿಂಚಿನಂಥ ಪಾದಗಾರಿಕೆಯ ಶೈಲಿಯನ್ನೇ ಮಾಡಿಕೊಂಡರು.

ನೀವು ಕಲಿಯಬೇಕಾದದ್ದು ನಿಮ್ಮ ನೆಲಮಾಳಿಗೆಯಲ್ಲಿ ಬುಧವಾರ ಯಾವುದು ನಡೆಯುತ್ತದೆಯೋ ಅದನ್ನು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಜೋಡಿಗಳು ಗೆರೆಯ ಮೇಲೆ ಓಡಾಡುತ್ತಿವೆಯೋ, ವೃತ್ತದಲ್ಲಿ ಸುತ್ತುತ್ತಿವೆಯೋ ಎಂಬುದು ಐದು ನಿಮಿಷ ನೋಡಿದರೆ ಗೊತ್ತಾಗುತ್ತದೆ. ಗೆರೆಯಾದರೆ ಒಂದೋ ಎರಡೋ ಎಂದು ಯಾರನ್ನಾದರೂ ಕೇಳಿ. ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡದ ಸಾಲ್ಸಾ ನರ್ತಕರನ್ನು ನಾನಿನ್ನೂ ಕಂಡಿಲ್ಲ. ಈಗ ಹೆಚ್ಚಾಗಿ ಕಲಿಸುವ ನ್ಯೂಯಾರ್ಕ್ ಪದ್ಧತಿಯಲ್ಲಿ ಹೆಜ್ಜೆ ಬೀಳುವ ಎಣಿಕೆಗಳು ಆನ್ ಒನ್‌ನಲ್ಲಿ ಇರುವವೇ. ಬದಲಾಗುವುದು ಎಲ್ಲಿ ತಿರುಗುತ್ತೀರಿ ಎಂಬುದು ಮಾತ್ರ. ಒಂದನ್ನು ಗಟ್ಟಿ ಮಾಡಿಕೊಂಡವರಿಗೆ ಇನ್ನೊಂದು ಕೆಲವು ತಿಂಗಳ ಕೆಲಸ.

ಇಲ್ಲಿ ನನ್ನದೇ ಪ್ರಸಂಗವೊಂದನ್ನು ಹೇಳಿಬಿಡುತ್ತೇನೆ. ಹೊಸ ಊರಿಗೆ ಹೋಗಿದ್ದೆ. ಒಂದು ವರ್ಷದ ಕಲಿಕೆಯ ಅಹಂಕಾರ ಬೆನ್ನಿಗಿತ್ತು. ಮಹಿಳೆಯೊಬ್ಬರ ಜೊತೆ ಕುಣಿಯುವಾಗ ಅವರು ಪ್ರತಿ ಸಲವೂ ತಡವಾಗಿ ತಿರುಗುತ್ತಿದ್ದಾರೆ ಅನ್ನಿಸಿತು. ನೆಲದ ಮಧ್ಯದಲ್ಲೇ ನಿಲ್ಲಿಸಿ, ‘ನೋಡಿ, ಇಲ್ಲಿ ಹೀಗೆ’ ಎಂದು ತೋರಿಸಿಕೊಟ್ಟೆ. ಅವರು ನಗುತ್ತಾ ತಲೆಯಾಡಿಸಿದರು. ಆಮೇಲೆ ತಿಳಿಯಿತು, ಅವರು ನನ್ನ ವಯಸ್ಸಿನಷ್ಟು ವರ್ಷ ಕುಣಿದವರು. ಅವರು ಆನ್ ಟು, ನಾನು ಆನ್ ಒನ್. ತಡವಾಗುತ್ತಿದ್ದದ್ದು ಯಾರಿಗೂ ಅಲ್ಲ, ಎದುರಿನವರ ಕಾಲನ್ನು ನಾನು ಕೇಳಿಸಿಕೊಂಡಿರಲಿಲ್ಲ. ಕುಣಿಯುವ ನೆಲದ ಮೇಲೆ ಯಾರಿಗೂ ಪಾಠ ಹೇಳಬಾರದೆಂಬ ನಿಯಮವನ್ನು ಸಾಲ್ಸಾ ಕುಣಿಯುವವರು ಹೆಚ್ಚಿನ ಕಡೆ ಬಾಯಿಬಿಟ್ಟು ಹೇಳದೆಯೇ ಪಾಲಿಸುತ್ತಾರೆ. ನನಗೆ ಅದು ಅಂದು ತಿಳಿಯಿತು. ಅವರು ಮತ್ತೆ ನನ್ನ ಜೊತೆ ಕುಣಿದದ್ದು ಏಳು ತಿಂಗಳ ಮೇಲೆ.

ಕರೆಯುವುದು ಹೇಗೆ ಎಂದಿರಿ. ಗುರುತಿಲ್ಲದವರನ್ನು ಕರೆಯುವುದು ಎಲ್ಲರಿಗೂ ಕಷ್ಟ. ಹಾಗಾಗಿ ಮೊದಲು ಅವರನ್ನು ಗುರುತಿನವರನ್ನಾಗಿ ಮಾಡಿಕೊಳ್ಳಿ. ಇಂಥ ಸಂಜೆಗಳನ್ನು ಸೋಶಿಯಲ್ ಎನ್ನುತ್ತಾರೆ. ಹೆಚ್ಚಿನ ಕಡೆ ಅದಕ್ಕೆ ಒಂದು ಗಂಟೆ ಮೊದಲು ಹೊಸಬರಿಗೆ ತರಗತಿ ಇರುತ್ತದೆ. ನೀವು ತಡರಾತ್ರಿ ಹೋಗಿ ತುಂಬಿದ ನೆಲವನ್ನು ನೋಡುತ್ತಿದ್ದೀರಿ. ಆ ಹೊತ್ತಿಗೆ ಯಾರೇ ಹೋದರೂ ಗೋಡೆಯೇ ಗತಿ. ಬೇಗ ಹೋಗಿ. ತರಗತಿಯಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಜೊತೆ ಬದಲಾಗುತ್ತದೆ. ಗಂಟೆ ಮುಗಿಯುವಷ್ಟರಲ್ಲಿ ಹದಿನೈದು ಜನರ ಕೈ ಹಿಡಿದಿರುತ್ತೀರಿ, ಹದಿನೈದು ಜನರ ಹೆಸರು ಕೇಳಿರುತ್ತೀರಿ, ಅವರೆಲ್ಲರಿಗೂ ನಿಮಗೆ ಎಷ್ಟು ಬರುತ್ತದೆ ಎಂದು ಗೊತ್ತಿರುತ್ತದೆ. ದೀಪ ಮಬ್ಬಾಗಿ ಹಾಡು ಶುರುವಾದಾಗ ಅವರಲ್ಲೊಬ್ಬರ ಕಡೆ ನೋಡಿ ಕೈ ಚಾಚಿದರೆ ಆಯಿತು. ಭಾಷೆ ಬಾರದಿದ್ದರೂ ಚಾಚಿದ ಕೈ ಎಲ್ಲರಿಗೂ ಅರ್ಥವಾಗುತ್ತದೆ.

ಒಲ್ಲೆ ಎಂದರೆ ನಕ್ಕು ತಲೆಬಾಗಿ ಮುಂದೆ ಹೋಗಿ. ಕಾರಣ ಕೇಳಬೇಡಿ, ಊಹಿಸಲೂ ಬೇಡಿ. ಕಾಲು ನೋಯುತ್ತಿರಬಹುದು, ಆ ಹಾಡು ಹಿಡಿಸದಿರಬಹುದು, ಅದನ್ನು ಬೇರೆಯವರಿಗೆ ಕಾದಿರಿಸಿರಬಹುದು. ಒಬ್ಬರನ್ನು ಒಂದೇ ರಾತ್ರಿ ಎರಡು ಸಲ ಕೇಳಿ ಇಲ್ಲವೆನ್ನಿಸಿಕೊಂಡರೆ ಮೂರನೆಯ ಸಲ ಅವರಾಗಿಯೇ ಬರಲಿ. ನಿಮಗೂ ಒಲ್ಲೆ ಎನ್ನುವ ಹಕ್ಕಿದೆ. ಒಂದು ಹಾಡು, ಹೆಚ್ಚೆಂದರೆ ಎರಡು, ಆಮೇಲೆ ಕೃತಜ್ಞತೆ ಹೇಳಿ ಕೈಬಿಡುವುದು ವಾಡಿಕೆ.

ಕೈ ಹಿಡಿಯುವ ಬಗೆ ಬಹಳ ಮುಖ್ಯ. ಹೊಸಬರು ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿಯುತ್ತಾರೆ. ಹೆಬ್ಬೆರಳಿನಿಂದ ಒತ್ತಬೇಡಿ. ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ, ಅವರ ಬೆರಳು ಅದರ ಮೇಲೆ ಕೂತಿರಲಿ. ತಿರುಗುವಾಗ ಅದು ಒಳಗೇ ಜಾರಿಕೊಂಡು ಸುತ್ತಬೇಕು. ಬಿಗಿಹಿಡಿದರೆ ಅವರ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಬಗ್ಗಿಸುವುದು, ಎತ್ತುವುದು ಇತ್ಯಾದಿ ವಿಡಿಯೊಗಳಲ್ಲಿ ಕಾಣುವ ಸಾಹಸಗಳನ್ನು ಅಪರಿಚಿತರ ಮೇಲೆ ಎಂದಿಗೂ ಪ್ರಯೋಗಿಸಬೇಡಿ. ಅವರ ಬೆನ್ನಿನ ಕಥೆ ನಿಮಗೆ ಗೊತ್ತಿಲ್ಲ. ಸಾಧ್ಯವಾದರೆ ಫಾಲೋ ಮಾಡುವುದನ್ನೂ, ಅಂದರೆ ಜೊತೆಯವರು ನಡೆಸಿದಂತೆ ಕುಣಿಯುವುದನ್ನೂ, ಒಂದೆರಡು ತಿಂಗಳು ಕಲಿಯಿರಿ. ಇನ್ನೊಬ್ಬರ ಒರಟು ಕೈ ನಿಮ್ಮನ್ನು ಒಮ್ಮೆ ತಿರುಗಿಸಿದರೆ ಲೀಡ್ ಮಾಡುವಾಗ, ಅಂದರೆ ನೀವು ನಡೆಸುವಾಗ, ಏನು ಮಾಡಬಾರದೆಂದು ಹತ್ತು ತರಗತಿಗಿಂತ ಚೆನ್ನಾಗಿ ತಿಳಿಯುತ್ತದೆ.

ಪಾದರಕ್ಷೆಯ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಓಟದ ಶೂ ಬೇಡ. ಅದರ ರಬ್ಬರ್ ಅಡಿ ನೆಲವನ್ನು ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಪೆಟ್ಟು ಮೊಣಕಾಲಿಗೆ ಬೀಳುತ್ತದೆ. ಸದ್ಯಕ್ಕೆ ನಯವಾದ ಚರ್ಮದ ಅಡಿಯ ಶೂ ಸಾಕು. ಮುಂದುವರಿಸುವುದು ಖಚಿತವಾದ ಮೇಲೆ ಸ್ವೇಡ್ ಎಂಬ ಮೆದು ಚರ್ಮದ ಅಡಿಯ ನೃತ್ಯದ ಶೂ ಕೊಳ್ಳಿ. ಅದನ್ನು ಬೀದಿಯಲ್ಲಿ ಹಾಕಿಕೊಳ್ಳಬಾರದು. ಚೀಲದಲ್ಲಿ ಇನ್ನೊಂದು ಅಂಗಿ ಇರಲಿ. ಬೆವರಿನಿಂದ ತೊಯ್ದ ಬೆನ್ನಿನ ಮೇಲೆ ಕೈ ಇಡುವ ಭಾಗ್ಯ ಯಾರಿಗೂ ಬೇಡ.

ಅಂದಹಾಗೆ ಆ ನೆಲಮಾಳಿಗೆ ಒಳ್ಳೆಯ ಜಾಗವೆಂದು ನೀವು ಬರೆದದ್ದರಿಂದಲೇ ಹೇಳಬಲ್ಲೆ. ವಾರದ ಮಧ್ಯದ ದಿನ, ಎಲ್ಲ ವಯಸ್ಸಿನವರು, ಹೊಸಬನನ್ನು ಎಳೆದುಕೊಳ್ಳುವ ಹಿರಿಯರು. ವಾರಾಂತ್ಯದ ಥಳಕಿನ ಕ್ಲಬ್ಬುಗಳಲ್ಲಿ ಕುಡಿಯಲು ಬಂದವರ ನಡುವೆ ಕುಣಿಯುವವರನ್ನು ಹುಡುಕಬೇಕಾಗುತ್ತದೆ. ಬಾಗಿಲ ಬಳಿ ಕೂತು ಶೂ ಬದಲಿಸುವವರಿದ್ದಾರೆ, ಮೇಜುಗಳ ಮೇಲೆ ಲೋಟಕ್ಕಿಂತ ನೀರಿನ ಬಾಟಲಿ ಹೆಚ್ಚಿವೆ ಎಂದರೆ ಸರಿಯಾದ ಕಡೆ ಬಂದಿದ್ದೀರಿ. ನೀರನ್ನಾದರೂ ಅಲ್ಲೇ ಕೊಂಡು ಕುಡಿಯಿರಿ. ಇಂಥ ಜಾಗಗಳು ಬಹುಪಾಲು ಆ ಕಾಸಿನಿಂದಲೇ ಬದುಕುತ್ತವೆ. ಮೊದಲ ಮೂರು ತಿಂಗಳು ಬೇರೆಡೆಗೆ ಅಲೆಯದೆ ಈ ಬುಧವಾರವನ್ನೇ ಹಿಡಿಯಿರಿ. ಹೆಜ್ಜೆಗಿಂತ ಮೊದಲು ಜನಕ್ಕೆ ಮುಖ ಪರಿಚಯವಾಗುತ್ತದೆ.

ನೀವು ಬರೆಯದೆ ಬಿಟ್ಟ ಒಂದು ವಿಷಯವಿದೆ. ಎಂಟು ತಿಂಗಳಲ್ಲಿ, ಕಚೇರಿಯ ಹಸ್ತಲಾಘವ ಬಿಟ್ಟರೆ, ಇನ್ನೊಬ್ಬರ ಕೈ ನಿಮ್ಮ ಕೈಯಲ್ಲಿ ನಾಲ್ಕು ನಿಮಿಷ ಇದ್ದದ್ದು ಬಹುಶಃ ಅಂದೇ ಮೊದಲು. ಪರದೇಶದಲ್ಲಿ ಒಂಟಿಯಾಗಿರುವವರು ಈ ಕುಣಿತಕ್ಕೆ ಅಂಟಿಕೊಳ್ಳಲು ಅದೂ ಒಂದು ಕಾರಣ, ನಾಚಿಕೊಳ್ಳುವಂಥದ್ದೇನಲ್ಲ. ಎಚ್ಚರವಿರಬೇಕಾದದ್ದು ಇಷ್ಟೆ: ಹಾಡಿನ ಉದ್ದಕ್ಕೂ ಕಣ್ಣಲ್ಲಿ ಕಣ್ಣಿಟ್ಟು ನಕ್ಕವರು ಮುಂದಿನ ಹಾಡಿಗೆ ಇನ್ನೊಬ್ಬರ ಜೊತೆಯೂ ಹಾಗೆಯೇ ನಗುತ್ತಾರೆ. ಅದು ನಟನೆಯಲ್ಲ, ಆಹ್ವಾನವೂ ಅಲ್ಲ.

ಈ ವಾರವೇ ಗೋಡೆ ಬಿಡಬೇಕೆಂದಿದ್ದರೆ ಮೆರೆಂಗೆ ಬರುವವರೆಗೆ ಕಾಯಿರಿ. ಸೋಶಿಯಲ್‌ಗಳಲ್ಲಿ ಸಾಲ್ಸಾದ ನಡುವೆ ಬಚಾಟಾ, ಮೆರೆಂಗೆ ಹಾಡುಗಳನ್ನೂ ಹಾಕುತ್ತಾರೆ. ಎರಡೂ ಡೊಮಿನಿಕನ್ ಗಣರಾಜ್ಯದವು. ಮೆರೆಂಗೆಯಲ್ಲಿ ಎಣಿಕೆಯ ಕಾಟವಿಲ್ಲ, ಎಡ ಬಲ ಎಡ ಬಲ ಎಂದು ನಿಂತಲ್ಲೇ ಕವಾಯತು ಮಾಡಿದಂತೆ. ಆ ಹಿರಿಯ ಮಹಿಳೆ ಬಂದಿದ್ದರೆ ಈ ಸಲ ನೀವೇ ಹೋಗಿ ಕೈ ಚಾಚಿ. ಕಾಲು ತುಳಿದದ್ದಕ್ಕೆ ಕ್ಷಮೆ ಕೇಳುವ ಅಗತ್ಯವಿಲ್ಲ. ಅವರ ಕಾಲಿಗೆ ನಿಮ್ಮಂಥವರು ಎಷ್ಟೋ ಜನ ಬಂದು ಹೋಗಿರುತ್ತಾರೆ. ಮೆರೆಂಗೆ ಮುಗಿದು ಸಾಲ್ಸಾ ಶುರುವಾದರೂ ಅವರು ಕೈ ಬಿಡದಿದ್ದರೆ ಓಡಬೇಡಿ. ಕಾಂಗಾದ ದುಂದುಂ ಕೇಳುವವರೆಗೆ ಸುಮ್ಮನೆ ನಿಂತಿರಿ, ಆಮೇಲೆ ಎಡಗಾಲಿನಿಂದ ಶುರು ಮಾಡಿ.